ಕಾಶಿಯಲ್ಲಿ ಬಿಟ್ಟದ್ದು

ಜಯದೇವಪ್ಪ ಚಪ್ಪಲಿ ಮೆಟ್ಟುವ ಹೊತ್ತಿಗೆ ಸರಿಯಾಗಿ ಮಲ್ಲಿಕಾಂಬ ಬಾಗಿಲಿಗೆ ಅಡ್ಡ ಬಂದು ನಿಂತಳು. ಹೆಂಡತಿಯ ಕಣ್ಣಲ್ಲಿ ಅನುಮಾನ ಹೊಗೆಯಾಡುತ್ತಿತ್ತು.

"ಹೋಗ್ಲೇಬೇಕೇನ್ರೀ?"

"ತರೀಕೆರೆ, ಅಜ್ಜಂಪುರ ಸುತ್ಕೊಂಡು ಸಂಜೆ ಗಂಗಾಪೂಜೆ ಹೊತ್ತಿಗೆ ಬಂದ್ಬಿಡ್ತೀನಿ ಕಣೇ. ಗೆಳೆಯರು ಕಾಯ್ತಿದ್ದಾರೆ."

"ಹಂಗಾದ್ರೆ ಬಸ್ಸಲ್ಲಾದ್ರೂ ಹೋಗಿ."

ಜಯದೇವಪ್ಪನಿಗೆ ನಗು ಬಂತು. ಬಸ್ಸು ನಿಲ್ದಾಣದಲ್ಲಿ ಮಾತ್ರ ನಿಲ್ಲುತ್ತದೆ. ಅವನ ಅಂಬಾಸಡರ್ ಬೋಂಡಾ ಬಾಣಲೆ ಕಂಡಲ್ಲೆಲ್ಲ ನಿಲ್ಲುತ್ತದೆ. ಇವಳ ಲೆಕ್ಕಾಚಾರ ತನಗೆ ತಿಳಿಯದೇ?

"ಬಿಟ್ಟದ್ದನ್ನ ಮುಟ್ಟಲ್ಲ ಕಣೇ. ಒಳಗೆ ತುಂಬಿದ ಬಸುರಿ ಮಲಗಿದ್ದಾಳೆ. ನನಗೆ ಅಷ್ಟೂ ಗೊತ್ತಾಗಲ್ವಾ?"

ಮಲ್ಲಿಕಾಂಬ ಅವನ ಮುಖವನ್ನೇ ನೋಡಿದಳು. "ಗೊತ್ತಿದ್ರೆ ಸರಿ," ಎಂದು ದಾರಿ ಬಿಟ್ಟಳು.

ಮಗಳು ಪ್ರೇಮಮ್ಮನ ಚೊಚ್ಚಲ ಹೆರಿಗೆ ಸುಸೂತ್ರವಾಗಲಿ ಎಂದೇ ಗಂಡ ಹೆಂಡತಿ ಕಾಶಿಗೆ ಹೋಗಿ ಬಂದದ್ದು. ಕಾಶಿಗೆ ಹೋದವರು ತಮಗೆ ಪ್ರಿಯವಾದದ್ದೊಂದನ್ನು ಗಂಗೆಯಲ್ಲಿ ಬಿಟ್ಟು ಬರಬೇಕು. ಕಡೂರಿನ ಭಕ್ತರೆಲ್ಲ ಬಿಟ್ಟು ಬಂದವರೇ. ಗೆಳೆಯ ಓಂಕಾರಮೂರ್ತಿ ಹಾಗಲಕಾಯಿ ಬಿಟ್ಟಿದ್ದ. ಹುಟ್ಟಿದಾಗಿನಿಂದ ಅವನು ಅದನ್ನು ಬಾಯಿಗೆ ಹಾಕಿದವನಲ್ಲ. ಇನ್ನೊಬ್ಬ ಗೆಳೆಯ ರೇವಣಪ್ಪನ ತಂದೆ ಸೇಬು ಬಿಟ್ಟಿದ್ದರು. ಅವರು ಅದನ್ನು ಕಂಡದ್ದು ಕ್ಯಾಲೆಂಡರಿನಲ್ಲಿ.

ಜಯದೇವಪ್ಪ ಅಂಥ ಕಳ್ಳಭಕ್ತನಲ್ಲ. ಸ್ನಾನಘಟ್ಟದಲ್ಲಿ ಪುರೋಹಿತ ಕೇಳಿದಾಗ, "ನಾನು ಯಾವುದಕ್ಕೆ ಪ್ರಾಣ ಬಿಡ್ತೀನಿ ಅಂತ ಇವಳಿಗೆ ಗೊತ್ತು. ನನ್ನ ಹೆಸರಲ್ಲಿ ಇವಳೇ ಬಿಡ್ಲಿ," ಎಂದು ಮೂಗು ಹಿಡಿದು ಮುಳುಗಿದ್ದ. ಏಳುವಷ್ಟರಲ್ಲಿ ಸಂಕಲ್ಪ ಮುಗಿದಿತ್ತು. ಊರಿಗೆ ಹೋಗಿ ಗಂಗಾಪೂಜೆ ಮಾಡುವ ತನಕ ಬಿಟ್ಟದ್ದರ ಹೆಸರೆತ್ತಬಾರದು ಎಂಬ ಪುರೋಹಿತನ ಕಟ್ಟಪ್ಪಣೆ ಬೇರೆ. ಹೆಸರೆತ್ತುವ ಅಗತ್ಯವಾದರೂ ಏನು? ಮದುವೆಯಾದಾಗಿನಿಂದ ಮಲ್ಲಿಕಾಂಬ ಶಾಪ ಹಾಕುತ್ತ ಬಂದದ್ದು ಮೆಣಸಿನಕಾಯಿ ಬೋಂಡಾಕ್ಕೆ.

ಯಾತ್ರೆಯಿಂದ ಬಂದ ದಿನವೂ ಅವಳು ವಿಚಿತ್ರವಾಗಿ ಆಡಿದ್ದಳು. ರೇವಣಪ್ಪ ಸ್ಟೇಷನ್ನಿಗೇ ಜಯದೇವಪ್ಪನ ಕಾರು ತಂದು ನಿಲ್ಲಿಸಿದ್ದರೆ, ಇವಳು ಗಂಗೆಯ ಗಿಂಡಿಯನ್ನು ಎದೆಗವಚಿಕೊಂಡು ಜಟಕಾ ಹತ್ತಿದಳು. "ನೀವೂ ಬನ್ನಿ," ಎಂದು ಗಂಡನನ್ನೂ ಕರೆದಳು. ತೀರ್ಥಯಾತ್ರೆಯ ಅಮಲು ಇನ್ನೂ ಇಳಿದಿಲ್ಲ ಎಂದುಕೊಂಡ ಜಯದೇವಪ್ಪ, ಹಾರ್ನ್ ಹೊಡೆಯುತ್ತ ಜಟಕಾದ ಹಿಂದೆಯೇ ಬಂದಿದ್ದ.

ಈಗ ಗೆಳೆಯರಿಬ್ಬರೂ ಕಾಲಿನ ಧೂಳು ಕೊಡವಿಕೊಂಡು ಕಾರು ಹತ್ತಿದರು. ಕೊಡವದವರಿಗೆ ಆ ಕಾರಿನಲ್ಲಿ ಜಾಗವಿಲ್ಲ.

"ಬಾಗಿಲು ಮೆತ್ತಗೆ ಹಾಕ್ರೋ, ಕೊಟ್ಟಿಗೆ ಬಾಗಿಲಲ್ಲ ಅದು!"

ಓಂಕಾರಮೂರ್ತಿ ಕಿಟಕಿಯಿಂದ ಬಗ್ಗಿ ಬಂಪರು ನೋಡಿದ. ದೃಷ್ಟಿಗೆಂದು ಕಟ್ಟಿದ ನಿಂಬೆಹಣ್ಣು, ಹಸಿಮೆಣಸಿನಕಾಯಿ ತೂಗುತ್ತಿದ್ದವು. "ಲೇ ಜಯಣ್ಣ, ಅದನ್ನಾದ್ರೂ ಬಿಚ್ಚೋ. ವ್ರತಭಂಗ ಆದೀತು!"

ತರೀಕೆರೆ ಬಸ್ ಸ್ಟ್ಯಾಂಡಿನ ಪಕ್ಕ ಬಾಣಲೆ ಚುರ್ರೆನ್ನುತ್ತಿತ್ತು. ಘಾಟು ಮೂಗಿಗೆ ಅಡರಿದ್ದೇ ಜಯದೇವಪ್ಪನ ಬಾಯಲ್ಲಿ ಇನ್ನೊಂದು ಗಂಗೆ ಹುಟ್ಟಿತು. ಅವನು ಬರಿ ಮಂಡಕ್ಕಿ ಮುಕ್ಕುತ್ತ ನಿಂತ.

ರೇವಣಪ್ಪ ವಕೀಲನ ಹಾಗೆ ಕಿವಿಯ ಬಳಿ ಬಂದ. "ನೀನು ಬಿಟ್ಟಿರೋದು ಕಾಯಿ ಕಣೋ, ಹಿಟ್ಟಲ್ಲ. ಮೇಲಿನ ಅಂಗಿ ನೀನು ತಿನ್ನು, ಒಳಗಿನವನನ್ನ ನನಗೆ ಕೊಡು."

ಜಯದೇವಪ್ಪನ ಕೈ ಬೋಂಡಾದ ತನಕ ಹೋಯಿತು. ಹೊಟ್ಟೆ ಹಿಡಿದು ನಡುಮನೆಯಲ್ಲಿ ನಡೆದಾಡುವ ಪ್ರೇಮಮ್ಮ ಕಣ್ಣಿಗೆ ಕಟ್ಟಿದಳು. ಕೈ ಹಿಂದೆ ಬಂತು.

"ಈ ಕಾನೂನೆಲ್ಲ ವಿಶ್ವನಾಥನಿಗೆ ಗೊತ್ತಿಲ್ಲ ಅಂದ್ಕೊಂಡ್ಯೇನೋ? ಮಗಳ ಜೀವದ ಮಾತು, ಸುಮ್ನಿರು."

ಅಜ್ಜಂಪುರದಲ್ಲಿ ನಿಜವಾದ ಅಗ್ನಿಪರೀಕ್ಷೆ. ಅಲ್ಲಿ ಹಾಲಮ್ಮನ ಅಂಗಡಿ. ಜೀರಿಗೆ, ಹುಣಸೆಹುಳಿ ತುಂಬಿ ಎರಡು ಸಲ ಎಣ್ಣೆಗೆ ಬಿಟ್ಟ ಅವಳ ಮೆಣಸಿನಕಾಯಿಗೆ ಸತ್ತವರೂ ಎದ್ದು ಕೂರುತ್ತಾರೆ ಎಂದು ಪ್ರತೀತಿ. ಕಾರಿನ ಸದ್ದಿಗೇ ಅವಳು ತಟ್ಟೆ ತುಂಬಿಕೊಂಡು ಬಂದಳು.

"ತಗಳಿ ಸ್ವಾಮಿ, ನಿಮಗೇಂತ ಕೆಂಪಗೆ ಕರ್ದಿವ್ನಿ. ಯಾಕೆ, ಹೊಟ್ಟೆ ನೆಟ್ಟಗಿಲ್ವಾ?"

"ಕಾಶಿಗೆ ಹೋಗಿದ್ದೆ ಕಣವ್ವ."

"ಅಯ್ ಶಿವ್ನೇ! ಇದ್ಕೆ ಅಷ್ಟು ದೂರ ಯಾಕೆ ಹೋಗಾಕೋದ್ರಿ?"

ಗೆಳೆಯರು ಬಿದ್ದು ಬಿದ್ದು ನಕ್ಕರು. ನಗುತ್ತಲೇ ಕಟಕಟನೆ ಕಡಿದರು. ತಡೆಯಲಾರದೆ ಜಯದೇವಪ್ಪ ಕಾರಿಗೆ ಓಡಿದ. ಗಾಜೆಲ್ಲ ಏರಿಸಿ, ಸ್ಟೀರಿಂಗನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದು, ಶಿವಶಿವಾ ಎಂದು ಕಣ್ಣು ಮುಚ್ಚಿದ. ಬೆವರು ಇಳಿಯಿತು. ಮನಸ್ಸು ಮಾತ್ರ ಗೆದ್ದಿತು.

ಬೀರೂರಿನ ಮೇಲೆ ವಾಪಸಾಗುವಾಗ ಅವನಿಗೆ ತಾನೇ ಒಂದು ಪುರಾಣದ ಕಥಾನಾಯಕ ಅನ್ನಿಸತೊಡಗಿತ್ತು. ಗೆಳೆಯರನ್ನು ಇಳಿಸಿ, ಮನೆ ಮುಟ್ಟಿದಾಗ ದೀಪ ಹಚ್ಚುವ ಹೊತ್ತು.

ಅಂಗಳದಲ್ಲಿ ನೆರೆಮನೆಯವರ ಕಮಾನುಗಾಡಿ ಎತ್ತು ಹೂಡಿ ನಿಂತಿತ್ತು. ಪ್ರೇಮಮ್ಮನಿಗೆ ನೋವು ಶುರುವಾಗಿತ್ತು. ಗಂಗಾಪೂಜೆಯನ್ನು ಆತುರಾತುರವಾಗಿ ಮುಗಿಸಿ, ಮಗಳ ಬಾಯಿಗೆ ತೀರ್ಥ ಬಿಟ್ಟು, ಮಲ್ಲಿಕಾಂಬ ಅವಳ ತೋಳು ಹಿಡಿದು ನಡೆಸಿಕೊಂಡು ಬರುತ್ತಿದ್ದಳು.

"ಗಾಡಿ ಯಾಕೇ? ನಾನು ಬಂದ್ನಲ್ಲ!" ಜಯದೇವಪ್ಪ ಹಿಂದಿನ ಬಾಗಿಲು ತೆರೆದು ಹಿಡಿದ. "ಕಾರಿಗೆ ಹತ್ತಿಸು, ಚಿಟಿಕೆ ಹೊಡೆಯೋದ್ರಲ್ಲಿ ಆಸ್ಪತ್ರೆ. ಮಗಳಿಗೆ ಏನೂ ಆಗಲ್ಲ ಕಣೇ. ಹಾಲಮ್ಮ ತಟ್ಟೆ ಮೂಗಿಗೆ ಹಿಡಿದ್ರೂ ನಾನು ಬೋಂಡಾ ಮುಟ್ಲಿಲ್ಲ!"

ಮಲ್ಲಿಕಾಂಬ ಮಗಳನ್ನು ಗಾಡಿಯ ಹುಲ್ಲುಹಾಸಿನ ಮೇಲೆ ಕೂರಿಸಿದಳು. ತಾನೂ ಹತ್ತಿದಳು. ಆಮೇಲೆ ಗಂಡನ ಕಡೆ ತಿರುಗಿದಳು.

"ಬೋಂಡಾ ತಿನ್ಬೇಡಿ ಅಂತ ಯಾರಂದ್ರು? ಪೂಜೆ ಆಯ್ತಲ್ಲ, ಈಗ ಬಾಯಿಬಿಟ್ಟು ಹೇಳ್ಬಹುದು: ನಿಮ್ಮ ಹೆಸರಲ್ಲಿ ನಾನು ಗಂಗೇಲಿ ಬಿಟ್ಟು ಬಂದಿದ್ದು ಆ ಕಾರನ್ನ ಕಣ್ರೀ."