ಕಪ್ಪಾದ ಎಣ್ಣೆ ತಿಳಿಯಾದ ದಿನ

ಗೆಳೆಯರೇ, ಇದನ್ನು ಟೈಪ್ ಮಾಡುವಾಗಲೂ ನನ್ನ ಮೈ ಜುಮ್ಮೆನ್ನುತ್ತಿದೆ... ಬಾಯಲ್ಲಿ ಏನಾದರೂ ಕುರುಕಲು ಇದ್ದರೆ ಮುಗಿಸಿ ಓದಿ!

ಗದಗದಲ್ಲಿ ನನ್ನ ಸ್ಟೇಷನರಿ ಅಂಗಡಿಯ ಪಕ್ಕದಲ್ಲೇ ಮುರಿಗೆಪ್ಪನ ಖಾರದ ಅಂಗಡಿ. ಶೇವು, ಚೂಡಾ, ಚಕ್ಕುಲಿ... ಸಂಜೆಯಾದರೆ ಜನ ಮುಗಿಬೀಳುತ್ತಾರೆ.

ಆ ಅಂಗಡಿ ಕಟ್ಟಿದವಳು ಅವನ ಅಕ್ಕ ನೀಲವ್ವ. ತಾಯಿಯಿಲ್ಲದ ತಮ್ಮನನ್ನು ಅದೇ ಒಲೆಯ ಮುಂದೆ ಕೂರಿಸಿಕೊಂಡು ಸಾಕಿದಳು.

ಅಕ್ಕ ತಮ್ಮ ಇಬ್ಬರದೂ ಒಂದೇ ಹಟ. ಎಣ್ಣೆ ಕಪ್ಪಾದರೆ ಚೆಲ್ಲಬೇಕು. ತಾವು ಬಾಯಿಗೆ ಹಾಕಿ ನೋಡದ ಮಾಲು ಗಿರಾಕಿಯ ಕೈಗೆ ಹೋಗಬಾರದು.

ಎಂಥ ಪ್ರಾಮಾಣಿಕತೆ ಅಲ್ಲವೇ? ಆದರೆ ಕಡಾಯಿಯಿಂದ ತೆಗೆದಾಗಲೆಲ್ಲ ಒಂದು ಹಿಡಿ ಅಂದರೆ... ಬೆಳಗಿನಿಂದ ಅಂಗಡಿ ಬಾಗಿಲು ಹಾಕುವವರೆಗೂ ಇಬ್ಬರ ಬಾಯಿಗೂ ಬಿಡುವೇ ಇರಲಿಲ್ಲ.

ನೀಲವ್ವನಿಗೆ ಮೊದಲೇ ಸಕ್ಕರೆ ಕಾಯಿಲೆ. ಹೋದ ವರ್ಷ ಹೊಟ್ಟೆಯಲ್ಲಿ ನೀರು ತುಂಬಿಕೊಂಡಿತು. ಲಿವರ್ ಪೂರ್ತಿ ಸೋತಿದೆ, ಹತ್ತಿರದವರು ಯಾರಾದರೂ ತಮ್ಮ ಲಿವರ್‌ನ ಒಂದು ಭಾಗ ಕೊಟ್ಟರೆ ಮಾತ್ರ ಉಳಿಯುತ್ತಾಳೆ ಎಂದರು ದೊಡ್ಡಾಸ್ಪತ್ರೆಯ ಡಾಕ್ಟರಮ್ಮ.

"ನಂದ ತಗೋರಿ ಮೇಡಂ! ಈಗಿಂದೀಗ ತಗೋರಿ!" ಎಂದು ಮುರಿಗೆಪ್ಪ ಅಂಗಿಯ ಗುಂಡಿಗೇ ಕೈ ಹಾಕಿದ. ಕಾರು ಓಡಿಸಿಕೊಂಡು ಹೋಗಿದ್ದ ನಾನು ಪಕ್ಕದಲ್ಲೇ ಇದ್ದೆ.

ಸ್ಕ್ಯಾನ್ ಆಯಿತು. ಡಾಕ್ಟರಮ್ಮನ ಮುಖ ಸಣ್ಣದಾಯಿತು.

"ಸಾವ್ಕಾರ್ರ, ನಿಮ್ಮ ಲಿವರ್‌ನ್ಯಾಗೂ ಕೊಬ್ಬು ತುಂಬೇತ್ರಿ. ಈಗ ಕೊಡಾಕ ಬರೂದಿಲ್ಲ."

"ನಾ ಒಂದ ಹನಿ ಕುಡದಾಂವ ಅಲ್ರೀ!"

"ಕುಡೀದಿದ್ರೂ ಬರತೈತ್ರಿ. ನಿಮ್ಮ ಅಕ್ಕಾರಿಗೂ ಹಿಂಗ ಸುರು ಆಗಿದ್ದು. ಮೂರು ತಿಂಗಳು ಅವರನ್ನ ಔಷಧದ ಮ್ಯಾಲ ಹಿಡದಿಡತೀವಿ. ಅಷ್ಟರಾಗ ಈ ಕೊಬ್ಬು ಕರಗಬೇಕು."

ನಮ್ಮ ಮುರಿಗೆಪ್ಪ ಏನು ಮಾಡಿದ ಗೊತ್ತಾ? ಫೋನಿನಲ್ಲಿ ಲಿವರ್ ಕೊಬ್ಬು ಕರಗಿಸುತ್ತದೆ ಎಂಬ ಜಾಹೀರಾತು ನೋಡಿ ಆ್ಯಂಟಿಆಕ್ಸಿಡೆಂಟ್ ಕ್ಯಾಪ್ಸೂಲ್‌ಗಳ ದೊಡ್ಡ ಡಬ್ಬಿ ತರಿಸಿದ. ದಿನಕ್ಕೆ ಒಂದು ಎಂದು ಬರೆದಿದ್ದರೆ ಇವನು ನುಂಗಿದ್ದು ಹಿಡಿಗಟ್ಟಲೆ!

"ಏನಪಾ, ಇದರ ರುಚೀನೂ ನೋಡಾಕತ್ತಿ?" ಎಂದು ರೇಗಿಸಿದೆ. ಅವನು ನಗಲಿಲ್ಲ. "ಲಗೂ ಕರಗಲಿ ಅಂತ" ಎಂದ. ಶೇವಿನ ರುಚಿ ನೋಡುವುದು ಮಾತ್ರ ಹಾಗೇ ನಡೆದಿತ್ತು... ನಿದ್ದೆಯೂ ಅಷ್ಟಕ್ಕಷ್ಟೇ.

ಒಂದು ತಿಂಗಳು ಹೀಗೇ ಹಾಳಾಯಿತು. ಕೊಬ್ಬು ಚೂರೂ ಇಳಿದಿರಲಿಲ್ಲ. ಅತ್ತ ನೀಲವ್ವನ ಕಣ್ಣು ಅರಿಶಿನದಂತಾಗಿತ್ತು.

ಮತ್ತೆ ಆಸ್ಪತ್ರೆಗೆ ಹೋದಾಗ ಡಾಕ್ಟರಮ್ಮ ಅವನ ಕೈಯಲ್ಲಿದ್ದ ಡಬ್ಬಿಯನ್ನು ನೋಡಿದರು. ಬೈಯುತ್ತಾರೆ ಎಂದುಕೊಂಡೆ... ಬೈಯಲಿಲ್ಲ.

"ಸಾವ್ಕಾರ್ರ, ಹಿಟ್ಟಿಗೆ ಸೋಡಾ ಯಾಕ ಹಾಕತೀರಿ?"

"ಹಗುರ ಆಗ್ಲಿ ಅಂತ್ರಿ."

"ಹಿಡಿಗಟ್ಲೆ ಹಾಕಿದ್ರ?"

"ಎಲ್ಲಾ ಎಣ್ಣಿ ಕುಡದು ಕೆಟ್ಟು ಹೋಗತೈತ್ರಿ!"

"ಈ ಗುಳಿಗೀನೂ ಹಂಗರೀ. ಊಟ ಸುಟ್ಟು ಶಕ್ತಿ ಮಾಡೂವಾಗ ಮೈಯಾಗ ಕಿಡಿ ಹಾರತಾವ. ಸ್ವಲ್ಪ ಕಿಡಿ ಮೈಗೆ ಬೇಕು. ಹೆಚ್ಚಾಗಿದ್ದನ್ನ ಆರಸೂದು ಆ್ಯಂಟಿಆಕ್ಸಿಡೆಂಟ್ ಕೆಲಸ. ಅದನ್ನ ಮೈ ತಾನೂ ಮಾಡತೈತಿ, ಕಾಯಿಪಲ್ಲೆ ಹಣ್ಣಿನಿಂದಾನೂ ತಗೋತೈತಿ. ಆದ್ರ ತಿನ್ಕೋತನ ಇದ್ದು ಮೈಗೆ ಬಿಡುವ ಕೊಡದಿದ್ರ? ಹೇಳ್ರಿ, ಎಣ್ಣಿ ಯಾವಾಗ ಕಪ್ಪಾಗತೈತಿ?"

"ಒಲಿ ಆರಸದಂಗ ಕಾಸಿದ್ರ..." ಎಂದವನು ತನ್ನ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡ.

ಕಣ್ಣು ತುಂಬಿ ಬಂದವು. "ಮೇಡಂ, ಕಪ್ಪಾದ ಎಣ್ಣಿ ತಿಳಿ ಆಗೂದಿಲ್ರಿ. ಚೆಲ್ಲೂದೊಂದ ದಾರಿ... ನನ್ನ ಅಕ್ಕನ ಗತಿ ಏನ್ರಿ?"

ಡಾಕ್ಟರಮ್ಮ ಹೇಳಿದ ಮಾತು ನಾನು ಸಾಯುವವರೆಗೂ ಮರೆಯಲಾರೆ...

"ಎಣ್ಣಿ ಆಗೂದಿಲ್ಲ. ಲಿವರ್ ಆಗತೈತ್ರಿ. ಒಲಿ ಆರಸಿ ನೋಡ್ರಿ."

ಅವತ್ತೇ ಡಬ್ಬಿ ಕಸಕ್ಕೆ ಹೋಯಿತು. ರುಚಿ ನೋಡುವುದನ್ನು ಕೆಲಸದವರಿಗೆ ಸರದಿಯ ಮೇಲೆ ಹಂಚಿದ. ತಾನು ಶೇವನ್ನು ಬೆರಳಲ್ಲಿ ಮುರಿದು, ಮೂಸಿ, ಸಪ್ಪಳ ಕೇಳಿ ಕೆಳಗಿಡುತ್ತಿದ್ದ. ಬಾಯಿಗೆ ಮಾತ್ರ ಒಂದು ಎಳೆಯೂ ಹೋಗಲಿಲ್ಲ!

ಡಾಕ್ಟರಮ್ಮ ಹೇಳಿದಂತೆ ಜೋಳದ ರೊಟ್ಟಿ, ಹೆಸರುಕಾಳು, ಹಸಿ ಮೆಂತ್ಯ, ಮೂಲಂಗಿ, ಒಂದು ನೆಲ್ಲಿಕಾಯಿ. ಸಂಜೆ ಬೇಗ ಊಟ, ಆಮೇಲೆ ನೀರು ಬಿಟ್ಟು ಏನೂ ಇಲ್ಲ. ಹೊತ್ತಿಗೆ ಸರಿಯಾಗಿ ನಿದ್ದೆ. ಬೆಳಿಗ್ಗೆ ಕೆರೆಯ ದಂಡೆಗುಂಟ ಬಿರುಸು ನಡಿಗೆ... ಜೊತೆಗೆ ಏದುಸಿರು ಬಿಡುತ್ತ ನಾನು!

ಮೂರು ತಿಂಗಳು ತುಂಬಿ, ಕೊನೆಗೆ ಮತ್ತೆ ಸ್ಕ್ಯಾನ್ ಮಾಡುವ ದಿನ ಬಂತು. ಮುರಿಗೆಪ್ಪ ಕಣ್ಣು ಮುಚ್ಚಿ ಮಲಗಿದ್ದ. ಡಾಕ್ಟರಮ್ಮ ಪರದೆಯನ್ನು ಅವನ ಕಡೆ ತಿರುಗಿಸಿದರು. ಅವರ ದನಿಯೂ ಒದ್ದೆಯಾಗಿತ್ತು.

"ಕಣ್ಣ ತಗೀರಿ ಸಾವ್ಕಾರ್ರ... ನಿಮ್ಮ ಎಣ್ಣಿ ತಿಳಿ ಆಗೇತಿ."

ಅಬ್ಬಾ! ಹೊರಗಿನಿಂದ ಯಾರೂ ಮುಟ್ಟಿಲ್ಲ, ತೊಳೆದಿಲ್ಲ. ಬಿಡುವು ಕೊಟ್ಟಿದ್ದಕ್ಕೆ ಆ ಮೈ ತನ್ನನ್ನು ತಾನೇ ತೊಳೆದುಕೊಂಡಿತ್ತು. ನಾನು ನಿಂತಲ್ಲೇ ಕೈ ಮುಗಿದೆ.

ಆಪರೇಷನ್ ಆಯಿತು. ತುಂಡು ಪಡೆದ ಅಕ್ಕನಲ್ಲೂ ಲಿವರ್ ಬೆಳೆಯಿತು, ತುಂಡು ಕೊಟ್ಟ ತಮ್ಮನಲ್ಲೂ ಬೆಳೆಯಿತು. ಇದಕ್ಕಿಂತ ದೊಡ್ಡ ಪವಾಡ ಇನ್ನೇನು ಬೇಕು ಹೇಳಿ...

ನೀಲವ್ವನ ಕಣ್ಣು ಹಳದಿ ಹೋಗಿ ಬೆಳ್ಳಗಾದ ದಿನ ಅವಳು ತಮ್ಮನ ಕೈ ಹಿಡಿದು ಅತ್ತಳು. "ನನಗ ಜೀವ ಕೊಟ್ಟೆಲ್ಲೋ ತಮ್ಮಾ... ಈ ಋಣ ಹೆಂಗ ತೀರಸಲಿ?"

ಮುರಿಗೆಪ್ಪ ತಲೆ ಅಲ್ಲಾಡಿಸಿದ. "ನಿನಗ ಕೊಡಾಕಂತ ಬಂದು ಸ್ಕ್ಯಾನ್ ಮಾಡಸಿದ್ನಿ ಅಕ್ಕಾ. ಇಲ್ಲಂದ್ರ ನನ್ನ ಒಳಗ ಏನಾಗೇತಿ ಅಂತ ನನಗ ಗೊತ್ತ ಆಗ್ತಿರಲಿಲ್ಲ. ಮುಂದೊಂದ ದಿನ ಇದ ಮಂಚದ ಮ್ಯಾಲ ನಾ ಇರತಿದ್ನಿ... ಜೀವ ಕೊಟ್ಟಾಕಿ ನೀ!"

ವಾರ್ಡಿನಲ್ಲಿದ್ದ ನರ್ಸ್ ಕೂಡ ಕಣ್ಣೊರೆಸಿಕೊಂಡರು.

ಬೆಂಕಿಯೂ ಬೇಕು, ಬಿಡುವೂ ಬೇಕು. ಎರಡೂ ಹದವಾಗಿದ್ದರೆ ಈ ದೇಹ ತನ್ನನ್ನು ತಾನೇ ಕಾಪಾಡಿಕೊಳ್ಳಲು ದುಡಿಯುತ್ತದೆ.

ನೀವೇ ಹೇಳಿ... ನಿಮ್ಮೊಳಗಿನ ಒಲೆಯನ್ನು ಕೊನೆಯ ಸಲ ಆರಿಸಿದ್ದು ಯಾವಾಗ?