ಎಡಿಟರ್ ಆರಿಸಿದವಳು

ಕ್ಲೈಂಟ್ ಒಬ್ಬರ ವೆಬ್‌ಸೈಟಿನ ಕೋಡನ್ನೆಲ್ಲ ಬರೆದವಳು ವಿನುತಾ. ಅದನ್ನು ತನ್ನದೆಂದು ಹೇಳಿಕೊಂಡು, ಅಪ್ರೈಸಲ್‌ನಲ್ಲಿ ಅವಳಿಗೆ 'ಇನ್ನೂ ಕಲಿಯಬೇಕು' ಎಂದು ಬರೆದವನು ಅವಳ ಟೀಮ್ ಲೀಡ್.

"ನನ್ನ ಹೊಸ ಲ್ಯಾಪ್‌ಟಾಪಿಗೆ ಕೋಡ್ ತೆರೆದು ಬರೆಯೋಕೆ ಒಂದು ಎಡಿಟರ್ ಸಾಫ್ಟ್‌ವೇರ್ ಹಾಕ್ಕೊಡಮ್ಮ. ಕ್ಲೈಂಟ್‌ಗೆ ಕೋಡ್ ತೋರಿಸ್ಬೇಕು," ಎಂದ.

"ಯಾವುದು ಹಾಕ್ಲಿ ಸರ್?"

"ಯಾವುದಾದ್ರೇನು? ಕೋಡ್ ಬರೆಯೋಕೆ ಬೇಕಾಗಿರೋದು ತಲೆ, ಎಡಿಟರ್ ಅಲ್ಲ."

ಅವಳು ಆ ಮಧ್ಯಾಹ್ನವೆಲ್ಲ ಕೂತು, ಹುಡುಕಿ ಹುಡುಕಿ ಒಂದನ್ನು ಆರಿಸಿದಳು.

ಮೀಟಿಂಗಿನಲ್ಲಿ ದೊಡ್ಡ ಪರದೆಯ ಮೇಲೆ ಕೋಡ್ ತೆರೆದುಕೊಂಡಿತು. ಅವನು ಕ್ಲೈಂಟ್ ಮುಖವನ್ನೇ ನೋಡುತ್ತ ಕರ್ಸರನ್ನು ಸಾಲಿನಿಂದ ಸಾಲಿಗೆ ಇಳಿಸಿದ.

"ಒಂದಕ್ಷರಾನೂ ಬೇರೆಯವ್ರದ್ದಲ್ಲ ಸರ್. ಎಲ್ಲಾ ನಾನೇ ಬರೆದಿದ್ದು."

ಕ್ಲೈಂಟ್ ಪರದೆಯತ್ತ ಬೆರಳು ತೋರಿಸಿದರು. "ಮತ್ತೆ, ಒಂದೊಂದು ಸಾಲಿನ ಪಕ್ಕಾನೂ 'ಬರೆದವರು: ವಿನುತಾ' ಅಂತ ಬರ್ತಿದೆಯಲ್ಲ, ಯಾರ್ರೀ ಅದು?"