ತೋಳಿನ ಗುಂಡಿ

“ಬತ್ತಲೆ ಚಿತ್ರಗಳಿಗೆ ಅಲ್ಲಲ್ಲಿ ಕಪ್ಪು ಪಟ್ಟಿ ಹಾಕಿ, ಸಾಕು. ಇದೊಂದು ಮಾತ್ರ ಬೇಡ,” ಎಂದು, ಪುಸ್ತಕ ಅಚ್ಚಿಗೆ ಹೋಗುವ ಮುಂಚೆ ನೋಡಿ ಒಪ್ಪಿಗೆ ಕೊಡಬೇಕಿದ್ದ ಪರಿಶೀಲನಾಧಿಕಾರಿ ಹಾಳೆಯೊಂದನ್ನು ಬೇರೆ ತೆಗೆದಿಟ್ಟರು.

ಎದುರಿಗೆ ಕುಳಿತಿದ್ದ ಮುದಿ ಕಲಾವಿದ, ತಪ್ಪಾಗಿ ಕೇಳಿಸಿತೇನೋ ಎಂದು ಪಕ್ಕದ ಪ್ರಕಾಶಕಿಯ ಮುಖ ನೋಡಿದ. ಗಂಡಸು ಗಂಡಸನ್ನು ಪ್ರೀತಿಸುವ ಚಿತ್ರಗಳನ್ನು ಹೆಸರು ಹಾಕದೆ ಬರೆದು, ಜೆರಾಕ್ಸ್ ಮಾಡಿ, ಅಂಗಿಯೊಳಗೆ ಬಚ್ಚಿಟ್ಟುಕೊಂಡು ಅವನು ಹಂಚುತ್ತಿದ್ದ ಕಾಲವೊಂದಿತ್ತು. ಅವನ್ನೆಲ್ಲ ಯಾರ್‍ಯಾರದೋ ಟ್ರಂಕಿನ ತಳದಿಂದ ಹುಡುಕಿ ತಂದು ಪ್ರಕಾಶಕಿ ಪುಸ್ತಕ ಮಾಡಿದ್ದಳು. ಬೈಗುಳಕ್ಕೆ, ಕೋರ್ಟಿಗೆ, ಬೇಕಾದರೆ ಜೈಲಿಗೂ ಸಿದ್ಧನಾಗಿ ಬಂದಿದ್ದ. ಈ ಮಾತಿಗೆ ಸಿದ್ಧನಾಗಿರಲಿಲ್ಲ.

ಬೇರೆ ತೆಗೆದಿಟ್ಟ ಚಿತ್ರ ಆ ಕಾಲದ್ದಲ್ಲ, ಅವನು ಈಚೆಗೆ ಬರೆದು ಸೇರಿಸಿದ್ದು. ಅದರಲ್ಲಿ ಇದ್ದದ್ದಿಷ್ಟೆ: ಕೈ ನಡುಗುವ ಮುದುಕನೊಬ್ಬನ ಅಂಗಿಯ ತೋಳಿಗೆ ಇನ್ನೊಬ್ಬ ಮುದುಕ ಗುಂಡಿ ಹಾಕುತ್ತಿದ್ದಾನೆ.

“ಇದ್ರಲ್ಲಿ ಮೈತುಂಬ ಬಟ್ಟೆ ಇದೆಯಲ್ಲ ಸಾರ್?” ಎಂದಳು ಪ್ರಕಾಶಕಿ.

“ಇದೆ ಕಣಮ್ಮ. ಎಲ್ಲಿಗೆ ಪಟ್ಟಿ ಹಾಕೋದು ಅಂತಾನೇ ಗೊತ್ತಾಗ್ತಿಲ್ಲ.” ಅಧಿಕಾರಿ ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು. “ಮಿಕ್ಕ ಚಿತ್ರ ನೋಡಿದ್ರೆ ಜನ ಛೀ ಥೂ ಅಂದು ಪುಟ ತಿರುಗಿಸ್ತಾರೆ. ಇದನ್ನ ನೋಡಿದ್ರೆ, ನಮ್ಮನೆ ಥರಾನೇ ಇದೆಯಲ್ಲ ಅಂತಾರೆ. ತೆಗೆದ್ಬಿಡಿ, ಈಗ್ಲೇ ಸಹಿ ಹಾಕ್ತೀನಿ.”

“ಒಪ್ಕೊಂಬಿಡಿ,” ಪ್ರಕಾಶಕಿ ಪಿಸುಗುಟ್ಟಿದಳು. “ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಮುಗಿದುಹೋಗುತ್ತೆ.”

ಕಲಾವಿದನ ತಲೆಯೆಲ್ಲ ಕಲಸುಮೇಲೋಗರವಾಯಿತು. ಬೈದಿದ್ದರೆ ತಿರುಗಿ ಬೈಯಬಹುದಿತ್ತು.

“ಇದನ್ನ ತೆಗೆದ್ರೆ ಪುಸ್ತಕಾನೇ ಬೇಡ,” ಎಂದ. “ಗುಂಡಿ ಹಾಕ್ತಿರೋನು ನಾನು. ಹಾಕಿಸ್ಕೊಂಡೋನು ಈಗಿಲ್ಲ.”

ಪ್ರಕಾಶಕಿ ಹಣೆ ಚಚ್ಚಿಕೊಂಡಳು. ಅಧಿಕಾರಿ ಬಾಗಿಲ ಕಡೆಗೊಮ್ಮೆ ನೋಡಿ ದನಿ ತಗ್ಗಿಸಿದರು. “ನಿಮ್ಮಿಬ್ಬರನ್ನ... ನಿಮ್ಮ ಮನೇಲಿ ಒಪ್ಪಿದ್ರಾ?”

ಇದು ಕಚೇರಿಯ ಪ್ರಶ್ನೆಯೋ, ಆ ಮನುಷ್ಯನ ಸ್ವಂತದ್ದೋ ಕಲಾವಿದನಿಗೆ ತಿಳಿಯಲಿಲ್ಲ. ಯಾವ ಉತ್ತರ ಕೊಟ್ಟರೆ ಹಾಳೆ ಉಳಿದೀತೆಂದೂ ಹೊಳೆಯಲಿಲ್ಲ. ಇದ್ದದ್ದನ್ನೇ ಹೇಳಿದ.

“ಅಪ್ಪ ಒಪ್ಪಿದ್ರು. ಕೊನೆಗೆ.”

ಅಧಿಕಾರಿಯ ಬೆರಳು ಚಿತ್ರದ ಅಂಚನ್ನು ಬಿಟ್ಟಿರಲಿಲ್ಲ.

“ಕೊನೆಗೆ ಅಂದ್ರೆ,” ಎಂದರು, “ಎಷ್ಟು ಕೊನೆಗೆ?”